ಅಜ್ಜಿಯ ಗೋಡೆಯ ಮೇಲೆ ಎರಡು ಕತ್ತರಿ ಗುರುತು

ನನ್ನ ಮಾಸ್ಕ್ವಿಚ್ ಕಾರಿಗೆ ಮೆಳ್ಳೆಗಣ್ಣು ಇದೆ ಎಂಬುದನ್ನು ಪತ್ತೆಹಚ್ಚಿದವರು ವಾಹನ ತಪಾಸಣೆಯ ಇನ್ಸ್‌ಪೆಕ್ಟರು. ಅದಕ್ಕೆ ಮುಂಚೆ ಹನ್ನೊಂದು ವರ್ಷ ಅದೇ ಕಾರನ್ನು ನಾನು ಓಡಿಸಿದ್ದೆ, ನನಗೆ ಅಂಥದ್ದೇನೂ ಕಂಡಿರಲಿಲ್ಲ. ಸಂಜೆ ಹೊತ್ತು ಎದುರಿಗೆ ಬರುವವರೆಲ್ಲ ಕೈ ಎತ್ತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಸಲಾಂ ಮಾಡುತ್ತಿದ್ದಾರೆ ಎಂದುಕೊಂಡು ನಾನೂ ಕೈ ಎತ್ತುತ್ತಿದ್ದೆ.

ಇನ್ಸ್‌ಪೆಕ್ಟರು ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ದೀಪಗಳನ್ನೂ ಒಂದೊಂದಾಗಿ ನೋಡಿದರು.

"ಮೇಷ್ಟ್ರೇ, ನಿಮ್ಮ ಎಡಗಡೆ ದೀಪ ನಕ್ಷತ್ರ ಎಣಿಸ್ತಾ ಇದೆ. ಬಲಗಡೇದು ಬಿದ್ದುಹೋದ ಸೂಜಿ ಹುಡುಕ್ತಾ ಇದೆ. ರಸ್ತೆ ನೋಡೋಕೆ ಅಂತ ಮೂರನೇದೊಂದು ಮನೇಲಿ ಇಟ್ಟಿದ್ದೀರಾ?"

ಶುಕ್ರವಾರದೊಳಗೆ ಸರಿಮಾಡಿಕೊಂಡು ಬಾರದಿದ್ದರೆ ಕಾರು ಅಂಗಳದಲ್ಲಿ ಕೋಳಿ ಕಾಯುತ್ತ ನಿಲ್ಲಬೇಕಾಗುತ್ತದೆ ಎಂದೂ ಹೇಳಿದರು. ಆ ದಿನ ಸೋಮವಾರ. ಸಂಜೆ ನಮ್ಮ ಹಿಪ್ಪುನೇರಳೆ ಬೀದಿಯ ಚಹಾಖಾನೆಯಲ್ಲಿ ಮೆಕ್ಯಾನಿಕ್ ಸಿಕ್ಕಿದ. ಬುಧವಾರ ತಂದು ನಿಲ್ಲಿಸಿ, ಅರ್ಧ ಗಂಟೆಯ ಕೆಲಸ ಎಂದ. ನಾನು ಹೂಂ ಅಂದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು, ಮತ್ತು ನಾಲ್ಕು ಜನ ಕೂತ ಕಡೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಮೂವತ್ತು ವರ್ಷದಿಂದ ಮಕ್ಕಳಿಗೆ ಅಕ್ಷಾಂಶ, ರೇಖಾಂಶ ಕಲಿಸುತ್ತಿರುವವನು ನಾನು, ಇಡೀ ಭೂಮಿಗೆ ಗೆರೆ ಎಳೆದವನಿಗೆ ಎರಡು ದೀಪ ಯಾವ ಲೆಕ್ಕ ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಸೈನ್ಯದಲ್ಲಿದ್ದಾಗ ಜನರಲ್ ಸಾಹೇಬರ ಕಾರಿನ ದೀಪ ತಿರುಗಿಸಿದವನೇ ನಾನು ಎಂದೂ ಸೇರಿಸಿದೆ. ಸೈನ್ಯದಲ್ಲಿ ಎರಡು ವರ್ಷ ನಾನು ಆಲೂಗಡ್ಡೆ ಸಿಪ್ಪೆ ತೆಗೆದಿದ್ದೆ. ಜನರಲ್ ಸಾಹೇಬರ ಕಾರನ್ನು ದೂರದಿಂದ ಒಮ್ಮೆ ನೋಡಿದ್ದು ನಿಜ.

ಮಂಗಳವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದವನೇ ಕೆಲಸಕ್ಕೆ ಇಳಿದೆ. ಮೊದಲು ದೀಪದ ಗಾಜುಗಳಿಗೆ ಹಲ್ಲುಪುಡಿ ಹಾಕಿ ಉಜ್ಜಿದೆ. ಗಾಜು ಹೊಳೆಯಿತು, ನನ್ನ ಹೆಂಡತಿ ಸಲೋಮತ್ ಮಾತ್ರ ಎರಡು ದಿನ ಉಪ್ಪಿನಲ್ಲಿ ಹಲ್ಲುಜ್ಜಬೇಕಾಯಿತು. ಆಮೇಲೆ ಕಾರಿನ ಜೊತೆ ಬಂದಿದ್ದ ಹಳೇ ಪುಸ್ತಕ ತೆರೆದೆ. ಕಾರನ್ನು ಸಮತಟ್ಟು ನೆಲದಲ್ಲಿ, ಗೋಡೆಯಿಂದ ಐದು ಮೀಟರ್ ದೂರದಲ್ಲಿ ನಿಲ್ಲಿಸಿ. ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಳೆದು, ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆಯಿರಿ. ಗೆರೆಯ ಮೇಲೆ ಒಂದೊಂದು ದೀಪಕ್ಕೂ ಒಂದೊಂದು ಕತ್ತರಿ ಗುರುತು ಹಾಕಿ. ಕತ್ತಲಾಗುತ್ತಲೇ ದೀಪ ಹಾಕಿ, ತಿರುಪು ತಿರುಗಿಸಿ ಬೆಳಕನ್ನು ಗುರುತಿಗೆ ತನ್ನಿ. ಇಷ್ಟೇ.

ನಮ್ಮ ಅಂಗಳದಲ್ಲಿ ದ್ರಾಕ್ಷಿ ಚಪ್ಪರ, ತಂದೂರ್ ಒಲೆ, ಕೋಳಿಗೂಡು ಬಿಟ್ಟರೆ ಐದು ಮೀಟರ್ ಎಲ್ಲಿಂದ ಬರಬೇಕು? ಗೇಟು ತೆಗೆದು ನೋಡಿದೆ. ಬೀದಿಯಾಚೆ, ನೇರ ಎದುರಿಗೆ, ಹೋಲ್‌ಬೀಬಿ ಅಜ್ಜಿಯ ಉದ್ದನೆಯ ಗೋಡೆ ಹೊಸ ಸುಣ್ಣ ಬಳಿದುಕೊಂಡು ಹಾಳೆಯ ಹಾಗೆ ನಿಂತಿತ್ತು.

ಆ ಸುಣ್ಣಕ್ಕೊಂದು ಕಾರಣವಿತ್ತು. ಗುರುವಾರ ಸಂಜೆ ಅಜ್ಜಿಯ ಮೊಮ್ಮಗಳು ಅನ್ಬರ್‌ಗೆ ನಾನ್ ಮುರಿಯುವ ಶಾಸ್ತ್ರ, ನಮ್ಮ ಕಡೆಯ ನಿಶ್ಚಿತಾರ್ಥ. ಗಂಡಿನ ಕಡೆಯ ಹೆಂಗಸರು ನಾನ್ ರೊಟ್ಟಿ ತರುತ್ತಾರೆ, ಹಿರಿಯರು ಅದನ್ನು ಮುರಿಯುತ್ತಾರೆ, ಮುರಿದ ಮೇಲೆ ಮಾತು ಮುರಿಯುವ ಹಾಗಿಲ್ಲ. ಅನ್ಬರ್ ನನ್ನ ಶಿಷ್ಯೆ, ಈಗ ನಮ್ಮ ಶಾಲೆಯಲ್ಲೇ ಭೌತಶಾಸ್ತ್ರ ಕಲಿಸುತ್ತಾಳೆ. ಅವಳಿಗೆ ಇಪ್ಪತ್ತಾರು ತುಂಬಿತ್ತು. ಮೂರು ಸಂಬಂಧ ಬಂದು, ಚಹಾ ಕುಡಿದು, ಎದ್ದುಹೋಗಿದ್ದವು. ಈ ನಾಲ್ಕನೆಯ ಹುಡುಗ, ಊರಿನ ಆಚೆ ಬದಿಯ ಹಲ್ಲಿನ ಡಾಕ್ಟರು, ಅವಳಿಗೂ ಒಪ್ಪಿಗೆಯಾಗಿದ್ದ. ತಂದೆ ಇಲ್ಲದ ಹುಡುಗಿ, ನನ್ನ ಮಗಳಂತೆಯೇ ಬೆಳೆದವಳು. ಈ ಸಲವಾದರೂ ಕೂಡಿಬರಲಿ ಎಂದು ಬೀದಿಗೆ ಬೀದಿಯೇ ಹಾರೈಸುತ್ತಿತ್ತು, ನಾನಂತೂ ಎಲ್ಲರಿಗಿಂತ ಹೆಚ್ಚು.

ಅಂದು ಅಜ್ಜಿ ಮನೆಯವರನ್ನೆಲ್ಲ ಕಟ್ಟಿಕೊಂಡು ತಂಗಿಯ ಮನೆಗೆ ಹೋಗಿದ್ದಳು. ಬುಧವಾರ ಅವಳು ಬರುವುದರೊಳಗೆ ಗುರುತಿನ ಮೇಲೆ ಎರಡು ಕೈ ಸುಣ್ಣ ಎಳೆದರಾಯಿತು ಎಂದುಕೊಂಡೆ. ಬಿಳಿ ಗೋಡೆಯ ಮೇಲೆ ಸೀಮೆಸುಣ್ಣ ಕಾಣುವುದಿಲ್ಲ. ಶಾಲೆಯ ನಕ್ಷೆಗಳಿಗೆ ದೇಶದ ಗಡಿ ಎಳೆಯುವ ಕೆಂಪು ಬಣ್ಣ ಮನೆಯಲ್ಲಿತ್ತು. ಕಾರನ್ನು ಗೇಟಿನ ಹೊರಗೆ ನಿಲ್ಲಿಸಿ ಅಳೆದೆ, ಗೆರೆ ಎಳೆದೆ, ಎರಡು ದೊಡ್ಡ ಕತ್ತರಿ ಗುರುತು ಹಾಕಿದೆ. ಮರೆಯಬಾರದೆಂದು ಪಕ್ಕದಲ್ಲಿ ದೂರ 5 ಮೀಟರ್ ಎಂದೂ, ದೀಪದ ಎತ್ತರ 68 ಸೆಂಟಿಮೀಟರ್ ಎಂದೂ ಬರೆಯಲು ಹೊರಟೆ. ಅವಸರದಲ್ಲಿ 'ದೂರ', 'ದೀಪದ ಎತ್ತರ' ಎಂಬ ಮಾತುಗಳನ್ನು ಬಿಟ್ಟು '5 ಮೀಟರ್', '68' ಎಂದಷ್ಟೇ ಬರೆದೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಇದು, ಕೆಂಪಿನಲ್ಲಿ ಏನು ಬರೆದರೂ ಕೆಳಗೆ ತಾರೀಖು, ಸಹಿ ಹಾಕದೆ ಸುಮ್ಮನಾಗುವುದಿಲ್ಲ. ಅದನ್ನೂ ಹಾಕಿತು.

ಕತ್ತಲಾಗುವ ಹೊತ್ತಿಗೆ ಕೀಲಿ ತಿರುಗಿಸಿದರೆ ಬ್ಯಾಟರಿ ಸತ್ತಿತ್ತು. ಕಾರನ್ನು ನಾನೂ ಸಲೋಮತಳೂ ಒಳಗೆ ನೂಕಿದೆವು, ಬ್ಯಾಟರಿಯನ್ನು ಚಾರ್ಜಿಗೆ ಇಟ್ಟೆ, ಗೇಟು ಹಾಕಿ ಊಟ ಮಾಡಿ ಮಲಗಿದೆ. ಬೀದಿಯಲ್ಲಿ ಕಾರಿಲ್ಲ, ಗೋಡೆಯ ಮೇಲೆ ಗುರುತು ಮಾತ್ರ ಉಳಿಯಿತು.

ಬುಧವಾರ ಮಂಜು ಕವಿದ ಬೆಳಗಿನಲ್ಲಿ ನಾನು ಶಾಲೆಗೆ ಹೋದೆ, ಎರಡು ಪಾಳಿ ಪಾಠ ಮುಗಿಸಿ ಸಂಜೆ ನಾಲ್ಕಕ್ಕೆ ವಾಪಸು ಬಂದೆ. ಬೀದಿ ಗುರುತು ಸಿಗಲಿಲ್ಲ. ಪ್ರತಿ ಮನೆಯ ಮುಂದೆಯೂ ಸಾಲಾಗಿ ಕಡ್ಡಿಗಳು ಎದ್ದಿದ್ದವು. ಪಕ್ಕದ ಮನೆಯ ತುರ್ದಿಆಲಿ, ಗಾರೆ ಕೆಲಸದವನು, ಬೆವರು ಸುರಿಸುತ್ತ ಇನ್ನಷ್ಟು ನೆಡುತ್ತಿದ್ದ. ಏನಿದು ಎಂದು ಕೇಳಿದರೆ ಪೀಚ್ ತೋಟ ಎಂದ. ಇವು ಕಾಲುವೆ ಬದಿಯ ನೀರವಂಜಿ ಕಡ್ಡಿಗಳಲ್ಲವೇ ಎಂದೆ.

"ಸುಮ್ನಿರಿ ಮೇಷ್ಟ್ರೇ, ನವೆಂಬರಲ್ಲಿ ಎಲ್ಲಾ ಮರಾನೂ ಕಡ್ಡೀನೇ. ಎಣಿಸೋಕೆ ಬರೋನು ಏನು ಕಚ್ಚಿ ನೋಡ್ತಾನಾ?"

ಅವನ ಬಾಯಿಂದ ವಿಷಯ ತಿಳಿಯಿತು. ರಾತ್ರೋರಾತ್ರಿ ಸರ್ಕಾರದವರು ಬಂದು ಗುರುತು ಹಾಕಿ ಹೋಗಿದ್ದಾರೆ. ಬೀದಿಯನ್ನು ಇನ್ನೂ ಐದು ಮೀಟರ್ ಅಗಲ ಮಾಡುತ್ತಾರೆ, ಅರವತ್ತೆಂಟು ಮನೆ ಬೀಳುತ್ತದೆ. ನಮ್ಮ ಬೀದಿಯಲ್ಲಿ ಇರುವುದೇ ನಲವತ್ತೊಂದು ಮನೆ ಎಂದು ನೆನಪಿಸಿದೆ. ಉಳಿದ ಇಪ್ಪತ್ತೇಳನ್ನು ಹಿಂದಿನ ಬೀದಿಯಿಂದ ತೆಗೆದುಕೊಳ್ಳುತ್ತಾರೆ ಎಂದ, ನಕ್ಷೆಯನ್ನು ತಾನೇ ಬರೆದವನ ಹಾಗೆ. ಮನೆ ಕೆಡವಿದರೆ ಹಣ್ಣಿನ ಮರಕ್ಕೆ ಬೇರೆ ಪರಿಹಾರ ಕೊಡುತ್ತಾರೆ ಎಂಬುದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಅದಕ್ಕೇ ಈ ವನಮಹೋತ್ಸವ.

ಗುರುತು ಎಲ್ಲಿ ಹಾಕಿದ್ದಾರೆ ಎಂದು ಕೇಳಿದೆ. ಅವನು ಅಜ್ಜಿಯ ಗೋಡೆ ತೋರಿಸಿದ. ಗೋಡೆಯ ಮೇಲೆ ಅಜ್ಜಿಯ ಮದುವೆ ಕಾಲದ ದೊಡ್ಡ ಕೆಂಪು ಜಮಖಾನೆ ತೂಗುತ್ತಿತ್ತು. ಬೆಳಿಗ್ಗೆ ಬಂದು ನೋಡಿದವಳೇ, ಗಂಡಿನ ಕಡೆಯವರ ಕಣ್ಣಿಗೆ ಬೀಳದಿರಲಿ ಎಂದು ಮುಚ್ಚಿಸಿದ್ದಳು. ಮುಟ್ಟಿದವರ ಕೈ ಮುರಿಯುತ್ತೇನೆ ಎಂದೂ ಸಾರಿದ್ದಳು.

ಇಲ್ಲಿ ನೀವು ನನ್ನನ್ನು ನೋಡಿ ನಗಬಹುದು. ನನಗೆ ಹೊಳೆಯಲೇ ಇಲ್ಲ. ನನ್ನ ಗೆರೆಯೂ ಅದೇ ಗೋಡೆಯ ಮೇಲಿದೆ ಎಂಬುದು ನೆನಪಿತ್ತು. ಪಾಪಿ ಸರ್ಕಾರ, ಇಷ್ಟುದ್ದದ ಬೀದಿಯಲ್ಲಿ ಬೇರೆ ಗೋಡೆ ಸಿಗಲಿಲ್ಲವೇ, ನನ್ನ ಗೆರೆಯ ಮೇಲೆಯೇ ಬರೆಯಬೇಕಿತ್ತೇ ಎಂದುಕೊಂಡೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೇ ಸಮಾಧಾನವೂ ಆಯಿತು. ಸುಣ್ಣ ಕೆಡಿಸಿದ ಅಪವಾದ ಇನ್ನು ನನ್ನ ತಲೆಗೆ ಬರುವುದಿಲ್ಲ.

ಆಮೇಲೆ ನನ್ನ ಮನೆಯೂ ಐದು ಮೀಟರಿನೊಳಗೇ ಇದೆ ಎಂದು ಹೊಳೆಯಿತು. ಕತ್ತಲಾಗುವ ಮುಂಚೆ ಹನ್ನೊಂದು ಕಡ್ಡಿ ನೆಟ್ಟೆ. ಓದಿದವನಾದ್ದರಿಂದ ಪ್ರತಿಯೊಂದಕ್ಕೂ ಚೀಟಿ ಕಟ್ಟಿ ದಾಳಿಂಬೆ, ಅಂಜೂರ, ಅಕ್ರೋಟ್ ಎಂದು ಬರೆದೆ. ಸಲೋಮತ್ ಬಂದು ಸಾಲನ್ನು ಎರಡು ಸಲ ನೋಡಿದಳು.

"ಆ ಅಂಜೂರ ಇದೆಯಲ್ಲ," ಎಂದಳು, "ಅದು ನನ್ನ ಪೊರಕೆ ಹಿಡಿ. ಬೆಳಿಗ್ಗೆ ಕಸ ಗುಡಿಸಬೇಕು, ಹಣ್ಣು ಬಿಡೋದ್ರೊಳಗೆ ಕಿತ್ತುಕೊಡಿ."

ಗುರುವಾರ ಮಧ್ಯಾಹ್ನ ನಿಜವಾದ ಪೆಟ್ಟು ಬಿತ್ತು. ಸುದ್ದಿ ಊರಿನ ಆಚೆ ಬದಿಗೂ ಹೋಗಿತ್ತು. ಗಂಡಿನ ತಾಯಿ ಹೇಳಿಕಳಿಸಿದ್ದರು: ನಾವು ಬರುತ್ತೇವೆ, ನಾನ್ ತರುತ್ತೇವೆ, ಆದರೆ ಮುರಿಯುವುದೋ ಬಿಡುವುದೋ ಅಲ್ಲಿ ಬಂದ ಮೇಲೆ ಮಾತಾಡೋಣ. ಹುಡುಗಿಯ ಬಗ್ಗೆ ಅವರಿಗೆ ತಕರಾರಿಲ್ಲ. ಅವರ ಹೆದರಿಕೆಯೇ ಬೇರೆ. ಮನೆ ಬಿದ್ದರೆ ಹೋಲ್‌ಬೀಬಿ ಅಜ್ಜಿ ಎಲ್ಲಿಗೆ ಹೋಗುತ್ತಾಳೆ? ಮೊಮ್ಮಗಳ ಹಿಂದೆ ನಮ್ಮ ಮನೆಗೆ. ಅಜ್ಜಿಯನ್ನು ಬಲ್ಲ ಯಾರೂ ಈ ಹೆದರಿಕೆಯನ್ನು ತಪ್ಪು ಎನ್ನುವ ಹಾಗಿರಲಿಲ್ಲ.

ಅಜ್ಜಿ ಆ ಮಾತು ಕೇಳಿ ಸುಮ್ಮನೆ ಕೂತುಬಿಟ್ಟಳಂತೆ. ಎಂಬತ್ತೊಂದು ವರ್ಷದಲ್ಲಿ ಅವಳು ಸುಮ್ಮನೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಅನ್ಬರ್ ಶಾಲೆಯಲ್ಲಿ ಕೊನೆಯ ಪಾಠ ಮುಗಿಸಿ ಮನೆಗೆ ಹೋದಳು. ಅವಳ ಮುಖ ನೋಡಿದ ಮೇಲೆ, ಆ ಗುರುತು ಹಾಕಿದ ಅಧಿಕಾರಿ ಎದುರಿಗೆ ಸಿಕ್ಕಿದ್ದರೆ ಅಲ್ಲೇ ಅವನ ಕೊರಳಪಟ್ಟಿ ಹಿಡಿಯುತ್ತಿದ್ದೆ.

ನಾಲ್ಕು ಗಂಟೆಗೆ ಮೊಹಲ್ಲಾದ ಅಧ್ಯಕ್ಷರು, ಬೀದಿಗೆಲ್ಲ ಅಣ್ಣ ಅನ್ನಿಸಿಕೊಂಡ ಎರ್ಕಾಬೋಯ್ ಆಕಾ, ಎಲ್ಲರನ್ನೂ ಗೋಡೆಯ ಮುಂದೆ ಸೇರಿಸಿದರು. ಬೆಳಿಗ್ಗೆಯೇ ಕಚೇರಿಗೆ ಫೋನು ಮಾಡಿದ್ದರು, ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ ಎಂದರೆ ಬಹಳ ದೊಡ್ಡ ಯೋಜನೆಯೇ ಇರಬೇಕು ಎಂದು ಅವರು ತೀರ್ಮಾನಿಸಿದ್ದರು. ಗಂಡಿನವರು ಬರುವ ಮೊದಲು ಒಂದು ಅರ್ಜಿ ಬರೆದು, ಬೀದಿ ಸುಮ್ಮನೆ ಕೂತಿಲ್ಲ ಎಂದು ಅವರಿಗೆ ತೋರಿಸಬೇಕು ಎಂದರು. ಬರೆಯುವವರು ಯಾರು? ಎಲ್ಲರೂ ನನ್ನ ಕಡೆ ತಿರುಗಿದರು.

ನಾನು ಬರೆದೆ. ಇಷ್ಟು ಒಳ್ಳೆಯ ಅರ್ಜಿಯನ್ನು ಜನ್ಮದಲ್ಲಿ ಬರೆದಿರಲಿಲ್ಲ. ಕಳ್ಳನಂತೆ ಬಂದು, ತಂದೆಯಿಲ್ಲದ ಹೆಣ್ಣುಮಗಳ ಬಾಳಿಗೆ ಕೆಂಪು ಗೆರೆ ಎಳೆದ ಆ ಹೃದಯಹೀನ, ಅಕ್ಷರಗೇಡಿ ಮನುಷ್ಯನನ್ನು ಹುಡುಕಿ ತಂದು ಇದೇ ಗೋಡೆಯ ಮುಂದೆ ನಿಲ್ಲಿಸಬೇಕು ಎಂದು ಓದಿದಾಗ ಹೆಂಗಸರು ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡರು. ತುರ್ದಿಆಲಿ 'ಸರಿಯಾಗಿ ಹೇಳಿದಿರಿ' ಎಂದ. ನಾನು ಕೆಳಗೆ ತಾರೀಖು, ಸಹಿ ಹಾಕಿ ಕೊಟ್ಟೆ.

ಗುರುತಿನ ವಿವರವನ್ನೂ ಸೇರಿಸೋಣ ಎಂದು ಎರ್ಕಾಬೋಯ್ ಆಕಾ ಜಮಖಾನೆಯ ಒಂದು ಮೂಲೆ ಎತ್ತಿದರು. ಕನ್ನಡಕ ಏರಿಸಿಕೊಂಡು ಗೋಡೆ ನೋಡಿದರು. ಅರ್ಜಿ ನೋಡಿದರು. ಮತ್ತೆ ಗೋಡೆ ನೋಡಿದರು. ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ನನ್ನನ್ನು ಹತ್ತಿರ ಕರೆದರು.

"ಮೇಷ್ಟ್ರೇ, ಈ ಅಕ್ಷರಗೇಡಿ ಮನುಷ್ಯನ ಸಹಿಗೂ ನಿಮ್ಮ ಸಹಿಗೂ ಬಾಲ ಒಂದೇ ಥರ ಇದೆಯಲ್ಲ."

ನಾನೂ ನೋಡಿದೆ. ಜಮಖಾನೆಯ ಕೆಳಗೆ ನನ್ನ ಗೆರೆ, ನನ್ನ ಕತ್ತರಿ ಗುರುತು, ನನ್ನ ಅಂಕಿ. ಬೇರೆ ಯಾವ ಸರ್ಕಾರವೂ ಅಲ್ಲಿ ಒಂದು ಚುಕ್ಕೆ ಕೂಡ ಇಟ್ಟಿರಲಿಲ್ಲ.

ಆ ಕ್ಷಣದಲ್ಲಿ ಭೂಮಿ ಬಾಯಿಬಿಟ್ಟಿದ್ದರೆ ಅಕ್ಷಾಂಶ ರೇಖಾಂಶ ನೋಡದೆ ಒಳಗೆ ಇಳಿಯುತ್ತಿದ್ದೆ. ಇದು ಕಾರಿನ ದೀಪಕ್ಕೆ ಹಾಕಿದ ಗುರುತು ಎಂದು ಹೇಳಿದೆ. ಯಾರೂ ನಂಬಲಿಲ್ಲ. ಮೇಷ್ಟ್ರು ಗುಟ್ಟಾಗಿ ಸರ್ಕಾರದ ಅಳತೆ ಕೆಲಸಕ್ಕೆ ಸೇರಿದ್ದಾರೆ ಎಂದು ತುರ್ದಿಆಲಿ ಹೇಳಿದ್ದನ್ನು ಎಲ್ಲರೂ ತಕ್ಷಣ ನಂಬಿದರು. ಅಜ್ಜಿ ಗುಂಪು ಸೀಳಿಕೊಂಡು ಬಂದಳು.

"ಎಗಂನಜರ್, ನಿನ್ನ ಕಾರಿನ ಕಣ್ಣು ಸರಿಮಾಡೋಕೆ ನನ್ನ ಮನೆ ಮುಖಕ್ಕೆ ಯಾಕಪ್ಪಾ ಬಣ್ಣ ಬಳಿದೆ? ನನ್ನ ಹುಡುಗಿ ನಿನಗೇನು ಮಾಡಿದ್ಲು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮೆತ್ತಗೆ ಕೇಳಿದಳು, ಅದೇ ನನ್ನನ್ನು ಕೊಂದಿತು. ಗಂಡಿನವರು ಬರುವುದರೊಳಗೆ ನಿಮ್ಮ ಕಣ್ಣೆದುರೇ ತೋರಿಸುತ್ತೇನೆ ಎಂದು ಓಡಿದೆ. ಬ್ಯಾಟರಿ ತುಂಬಿತ್ತು. ಕಾರನ್ನು ಗೇಟಿನ ಹೊರಗೆ ತಂದು, ಹಗ್ಗ ಹಿಡಿದು ಗೋಡೆಯಿಂದ ಐದು ಮೀಟರ್ ಅಳೆದು ನಿಲ್ಲಿಸಿದೆ. ಜಮಖಾನೆ ಇಳಿಸಿದರು. ಸೂರ್ಯ ಮುಳುಗಿ ಬೀದಿ ಮಬ್ಬಾಗಿತ್ತು. ಇಡೀ ಮೊಹಲ್ಲಾ ಎರಡು ಬದಿಗೆ ನಿಂತಿತು. ದೀಪ ಹಾಕಿದೆ.

ಎಡಗಡೆ ಬೆಳಕು ಗೋಡೆಯನ್ನು ದಾಟಿ ಅಜ್ಜಿಯ ಅಂಗಳದ ಪರ್ಸಿಮನ್ ಮರದ ತುದಿಗೆ ಹೋಯಿತು, ಅಲ್ಲಿ ಮಲಗಿದ್ದ ಕೋಳಿಗಳು ಬೆಳಗಾಯಿತೆಂದು ಎದ್ದು ಕೂಗಿದವು. ಬಲಗಡೆ ಬೆಳಕು ಅಡ್ಡಲಾಗಿ ಎರ್ಕಾಬೋಯ್ ಆಕಾ ಅವರ ಬೂಟುಗಳ ಮೇಲೆ ಬಿದ್ದಿತು. ಕತ್ತರಿ ಗುರುತುಗಳು ಎರಡೂ ಕತ್ತಲಲ್ಲಿ ತಣ್ಣಗೆ ಕೂತಿದ್ದವು.

"ನೋಡಿದ್ರಾ?" ಎಂದ ತುರ್ದಿಆಲಿ. "ದೀಪಕ್ಕೂ ಗುರುತಿಗೂ ನೆಂಟಸ್ತಿಕೇನೇ ಇಲ್ಲ."

ತಿರುಪು ತಿರುಗಿಸಬೇಕು, ಅದಕ್ಕೇ ಇದೆಲ್ಲ ಎಂದು ವಿವರಿಸಿದೆ. ಆದರೆ ಡ್ರೈವರ್ ಸೀಟಿನಲ್ಲಿ ಒಬ್ಬರ ಭಾರ ಇರಬೇಕು, ಇಲ್ಲದಿದ್ದರೆ ಕಾರಿನ ಮೂತಿ ಏರುಪೇರಾಗುತ್ತದೆ ಎಂದು ಪುಸ್ತಕದಲ್ಲಿದೆ. ಯಾರಾದರೂ ಕೂರಿ ಎಂದೆ. ಸರ್ಕಾರದ ಕಾರಿನಲ್ಲಿ ಕೂರಲು ಎಲ್ಲರೂ ಹಿಂಜರಿದರು. ಅಜ್ಜಿ ಬಾಗಿಲು ತೆಗೆದು, ಲಂಗ ಎತ್ತಿ ಹಿಡಿದು, ಡ್ರೈವರ್ ಸೀಟಿಗೆ ಹತ್ತಿ ಕೂತಳು. ನೀನು ಮೋಸ ಮಾಡಿದರೆ ಇಲ್ಲಿಂದಲೇ ಗೊತ್ತಾಗುತ್ತದೆ ಎಂದು ಸ್ಟೇರಿಂಗನ್ನು ಎರಡೂ ಕೈಯಿಂದ ಹಿಡಿದಳು.

ನಾನು ಮೇಲಿನ ತಿರುಪು ತಿರುಗಿಸಿದೆ, ಬೆಳಕು ಎಡಕ್ಕೆ ಹೋಯಿತು. ಪಕ್ಕದ ತಿರುಪು ತಿರುಗಿಸಿದೆ, ಮೇಲಕ್ಕೆ ಹೋಯಿತು. ಪುಸ್ತಕ ತಪ್ಪೋ ನಾನು ತಪ್ಪೋ ಎಂದು ಯೋಚಿಸುತ್ತಿರುವಾಗ ಬೀದಿಯ ತಿರುವಿನಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಗಂಡಿನ ತಾಯಿಯೂ ಇಬ್ಬರು ಹೆಂಗಸರೂ ಇಳಿದು, ಕಸೂತಿ ಬಟ್ಟೆಯಲ್ಲಿ ಸುತ್ತಿದ ನಾನ್ ಎದೆಗೊತ್ತಿಕೊಂಡು ಅಜ್ಜಿಯ ಗೇಟಿನತ್ತ ನಡೆದು ಬಂದರು. ಸರಿಯಾಗಿ ಗೋಡೆಯ ಮುಂದೆ ಬಂದಾಗ ಅಜ್ಜಿಯ ಕಾಲು ಕಾರಿನ ಒಳಗೆ, ಕೆಳಗಿದ್ದ ಯಾವುದೋ ಗುಂಡಿಯ ಮೇಲೆ ಬಿತ್ತು. ಕಣ್ಣು ಕುಕ್ಕುವ ದೊಡ್ಡ ಬೆಳಕು ಹೊತ್ತಿಕೊಂಡಿತು. ಬೀಗಿತ್ತಿಯಾಗಬೇಕಾದವರು ಎರಡು ಕೆಂಪು ಕತ್ತರಿ ಗುರುತುಗಳ ನಡುವೆ, ಕಣ್ಣು ಮುಚ್ಚಿಕೊಂಡು, ಗುಂಡು ಹೊಡೆಯಲು ನಿಲ್ಲಿಸಿದವರ ಹಾಗೆ ನಿಂತರು.

ನನ್ನ ಕೈಯಿಂದ ಸ್ಕ್ರೂಡ್ರೈವರ್ ಬಿದ್ದಿತು. ನಾಲ್ಕನೆಯ ಸಂಬಂಧವೂ ಹೋಯಿತು, ಈ ಸಲ ಚಹಾ ಕೂಡ ಕುಡಿಯದೆ ಹೋಯಿತು, ಅದೂ ನನ್ನಿಂದ ಎಂದುಕೊಂಡೆ.

ಆಗ ಗೇಟು ತೆರೆದುಕೊಂಡಿತು. ಇಂಥ ದಿನ ಹುಡುಗಿ ಒಳಗೆ ಚಹಾ ಕುದಿಯುವ ಸಮೋವರಿನ ಪಕ್ಕ ತಲೆ ತಗ್ಗಿಸಿ ಕೂತಿರಬೇಕು. ಅನ್ಬರ್ ರೇಷ್ಮೆ ಅಂಗಿಯ ತೋಳು ಮಡಿಚಿಕೊಂಡು ನೇರವಾಗಿ ನನ್ನ ಹತ್ತಿರ ಬಂದು, ಬಿದ್ದ ಸ್ಕ್ರೂಡ್ರೈವರ್ ಎತ್ತಿಕೊಂಡಳು.

"ಸರ್, ಆ ಕಡೆ ನಿಂತ್ಕೊಳ್ಳಿ," ಎಂದಳು. "ಅಜ್ಜಿ, ಕಾಲು ತೆಗಿ. ಎರಡು ದೀಪಾನೂ ಒಟ್ಟಿಗೆ ನೋಡಿದ್ರೆ ಯಾವುದರ ಬೆಳಕು ಎಲ್ಲಿ ಅಂತ ಹೇಗೆ ಗೊತ್ತಾಗುತ್ತೆ? ಒಂದನ್ನ ಮುಚ್ಚಬೇಕು. ಯಾರಾದ್ರೂ ಬಟ್ಟೆ ಕೊಡಿ."

ಕೈಯಲ್ಲಿ ಬಟ್ಟೆ ಇದ್ದವರು ಒಬ್ಬರೇ. ಗಂಡಿನ ತಾಯಿ ಒಮ್ಮೆ ಹುಡುಗಿಯನ್ನು ನೋಡಿದರು, ಒಮ್ಮೆ ಮೊಹಲ್ಲಾವನ್ನು ನೋಡಿದರು. ಆಮೇಲೆ ನಾನ್ ಮೇಲಿನ ಕಸೂತಿ ಬಟ್ಟೆ ಬಿಚ್ಚಿ ಕೊಟ್ಟರು. ಅನ್ಬರ್ ಅದನ್ನು ಬಲದೀಪಕ್ಕೆ ಹೊದಿಸಿ ಎಡದೀಪದ ತಿರುಪು ಹಿಡಿದಳು. ಬೆಳಕು ಮರದಿಂದ ಇಳಿಯಿತು, ಗೋಡೆಯ ಮೇಲೆ ಬಂತು, ನಿಧಾನವಾಗಿ ಕತ್ತರಿ ಗುರುತಿನ ನೇರಕ್ಕೆ ಬಂದು, ಅದಕ್ಕಿಂತ ನಾಲ್ಕು ಬೆರಳು ಕೆಳಗೆ ನಿಂತಿತು. ಅಷ್ಟು ಕೆಳಗೇ ಇರಬೇಕು, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ ಎಂದು ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದಳು. ಬಟ್ಟೆ ಈ ಕಡೆಗೆ ಬಂತು, ಎರಡನೇ ದೀಪವೂ ಅದರ ಗುರುತಿನ ಕೆಳಗೆ ಹೋಗಿ ಕೂತಿತು. ಎರಡು ಗುರುತು, ಎರಡು ಬೆಳಕು. ಇಡೀ ಬೀದಿ ಒಟ್ಟಿಗೇ 'ಓ' ಎಂದಿತು. ತುರ್ದಿಆಲಿ ಮೆಲ್ಲಗೆ ತನ್ನ ತೋಟದ ಕಡೆ ನೋಡಿಕೊಂಡ.

ಎರ್ಕಾಬೋಯ್ ಆಕಾ ಗಂಡಿನ ತಾಯಿಗೆ ಎಲ್ಲವನ್ನೂ ಹೇಳಿದರು. ರಸ್ತೆ ಇಲ್ಲ, ಸರ್ಕಾರ ಇಲ್ಲ, ಇದ್ದದ್ದು ನಮ್ಮ ಮೇಷ್ಟ್ರು ಮಾತ್ರ. ಆ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೈಯಲ್ಲಿ ಬಟ್ಟೆಯಿಲ್ಲದ ನಾನ್ ಆರುತ್ತಿತ್ತು. ಬಿಚ್ಚಿದ ನಾನ್ ತಿರುಗಿ ಹೋಗಬಾರದು ಎಂದು ಎರ್ಕಾಬೋಯ್ ಆಕಾ ಗಂಭೀರವಾಗಿ ಹೇಳಿದರು, ಹಾಗೊಂದು ಪದ್ಧತಿ ಇದೆಯೋ ಇಲ್ಲವೋ ಯಾರೂ ಕೇಳಲಿಲ್ಲ. ಗಂಡಿನ ತಾಯಿ ಹುಡುಗಿಯ ಕೈಗೆ ಹತ್ತಿದ ಗ್ರೀಸನ್ನು ತಮ್ಮ ಅಂಗಿಯ ತೋಳಿನಿಂದಲೇ ಒರೆಸಿದರು. ನಮ್ಮ ಮನೆಯ ಕಾರಿನ ದೀಪವನ್ನೂ ಒಮ್ಮೆ ನೋಡುತ್ತೀಯಾ ಮಗಳೇ ಎಂದರು. ನಾನ್ ಅನ್ನು ನನ್ನ ಮಾಸ್ಕ್ವಿಚ್‌ನ ಬಾನೆಟ್ ಮೇಲೆ, ಅದೇ ದೀಪದ ಬೆಳಕಿನಲ್ಲಿ ಮುರಿದರು. ನಾನು ಅತ್ತುಬಿಟ್ಟೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಎಲ್ಲರೂ ಒಳಗೆ ಹೊರಟರು. ಅಜ್ಜಿ ಮಾತ್ರ ಸೀಟಿನಿಂದ ಇಳಿಯಲಿಲ್ಲ. ಗಂಡಿನ ತಾಯಿ ಕಿಟಕಿಗೆ ಬಗ್ಗಿ, ತುಂಬ ಮರ್ಯಾದೆಯಿಂದ ಕೇಳಿದರು: ಹಾಗಾದರೆ ಮನೆ ಬೀಳುವುದಿಲ್ಲ, ತಾವು ಇಲ್ಲೇ ಇರುತ್ತೀರಿ, ಅಲ್ಲವೇ?

"ಇಲ್ಲೇ ಇರ್ತೀನಿ ತಾಯಿ, ನಿಮ್ಮನೇಲಿ ಬಂದು ಯಾಕೆ ಕೂರ್ಲಿ?" ಎಂದಳು ಅಜ್ಜಿ, ಸ್ಟೇರಿಂಗ್ ಬಿಡದೆ. "ಈಗ ಕಾರಿನ ಕಣ್ಣೂ ಸರಿಹೋಯ್ತು. ದಿನಾ ಸಂಜೆ ಎಗಂನಜರ್ ನನ್ನ ನಿಮ್ಮನೆಗೆ ಕರ್ಕೊಂಡು ಬರ್ತಾನೆ, ಊಟ ಮಾಡ್ಕೊಂಡು ಹೋಗ್ತೀವಿ."